ಸುರಗಿ ನೀರು ಮತ್ತು ನೆನೆಯದ ಕ್ಯಾಮೆರಾ

ಮತ್ಸರ ಮನುಷ್ಯನ ಒಳಗೆ ಎಲ್ಲಿಂದ ಬರುತ್ತದೆ ಎಂದು ನಿನ್ನೆ ಒಬ್ಬ ತಾಯಿ ಕೇಳಿದರು. ಕೇಳಿ.

ಒಂದು ಪೇಟೆಯಲ್ಲಿ ಒಬ್ಬ ಫೋಟೋ ಸ್ಟುಡಿಯೋ ಸಾಹುಕಾರ ಇದ್ದ. ಗಾಜಿನ ಮುಂಗಟ್ಟು, ಮೂರು ಜನ ಕೆಲಸದವರು. ಅವನ ನೇರ ಎದುರಿಗೆ ಇನ್ನೊಂದು ಸ್ಟುಡಿಯೋ, ಒಂದೇ ಬಾಗಿಲಿನದು. ಅಲ್ಲಿದ್ದವನ ಹತ್ತಿರ ಇದ್ದದ್ದು ಒಂದು ಹಳೆಯ ಕ್ಯಾಮೆರಾ. ಮಳೆ ಬಂದರೆ ಅದಕ್ಕೆ ಹಾಲಿನ ಪಾಕೀಟು ತೊಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ. ಆದರೂ ಮದುವೆಯವರು ರಸ್ತೆ ದಾಟಿ ಅವನ ಹತ್ತಿರವೇ ಹೋಗುತ್ತಿದ್ದರು. ಯಾಕೆ? ಅವನು ಮೊದಲು ಮಾತಾಡಿಸುತ್ತಿದ್ದ, ಆಮೇಲೆ ಫೋಟೋ ತೆಗೆಯುತ್ತಿದ್ದ. “ಅತ್ತೀ, ಸ್ವಲ್ಪ ನಗ್ರಿ. ಸೊಸಿ ಈಗರ ಬಂದಾಳ, ಸಿಟ್ಟಿಗೆ ಇನ್ನೂ ಭಾಳ ದಿನ ಐತಿ.”

ಸಾಹುಕಾರನಿಗೆ ಏನು ಕಡಿಮೆಯಿತ್ತು ಹೇಳಿ? ಏನೂ ಇರಲಿಲ್ಲ. ಆದರೆ ದಿನಾ ಗಾಜಿನ ಹಿಂದೆ ಕೂತು ಎದುರಂಗಡಿಯ ಮೆಟ್ಟಿಲ ಮೇಲಿನ ಚಪ್ಪಲಿ ಎಣಿಸುತ್ತಿದ್ದ.

ಒಮ್ಮೆ ಅವನು ಹೊಸ ಕ್ಯಾಮೆರಾ ತಂದ. ನೋಡಿ, ಎಂಥ ಕ್ಯಾಮೆರಾ. ಗಟ್ಟಿ ಲೋಹದ ಮೈ. ಗುಂಡಿ ಗುಂಡಿಗೂ ರಬ್ಬರಿನ ಅಂಚು. ಬ್ಯಾಟರಿಯ ಮುಚ್ಚಳಕ್ಕೂ ರಬ್ಬರು, ಲೆನ್ಸ್ ಕೂರುವ ಕೊರಳಿಗೂ ರಬ್ಬರು. ಮಳೆ ಒಳಗೆ ಹೋಗದು, ಧೂಳು ಹೋಗದು. ಅಂಗಡಿಯ ಮುಂದೆ ನಿಂತು ಅದರ ಮೇಲೆ ತಂಬಿಗೆಯಿಂದ ನೀರು ಸುರಿದು ಜನಕ್ಕೆ ತೋರಿಸಿದ. ಜನಕ್ಕೆ ಎಂದೆನೇ? ಎದುರಂಗಡಿಯವನಿಗೆ ತೋರಿಸಿದ.

ಎದುರಂಗಡಿಯವನು ರಸ್ತೆ ದಾಟಿ ಬಂದ. “ಭಾಳ ಚಲೋ ಐತಿ ಅಣ್ಣಾ. ಒಂದ ಮಾತು. ಲೆನ್ಸ್ ಬಿಚ್ಚಿದಾಗ ಇದರ ಬಾಯಿ ತಗದಿರತೈತಿ. ನೀರಿನ ಹತ್ತರ ಬಿಚ್ಚಬ್ಯಾಡ.”

“ಹಾಲಿನ ಪಾಕೀಟಿನವರು ನಮಗ ಕಲಸಾಕ ಬಂದ್ರು.”

“ತೊಳದ ಹಾಕೇನಿ ಅಣ್ಣಾ, ವಾಸನಿ ಬರಂಗಿಲ್ಲ,” ಎಂದು ನಕ್ಕು ಅವನು ಹೋದ.

ಮಾತು ಸರಿಯಾಗಿತ್ತು. ಹೇಳಿದ ಬಾಯಿ ಬೇಡವಾಗಿತ್ತು. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ?

ಸಾಹುಕಾರನ ಒಬ್ಬಳೇ ಮಗಳ ಮದುವೆ ಬಂತು. ಸುರಗಿ ನಿಮಗೆ ಗೊತ್ತು, ಮದುವೆಯ ಅರಿಶಿನದ ಸ್ನಾನ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತ ನೂಲು, ನಡುವೆ ಮಣೆ. ಅವರ ಮನೆತನದಲ್ಲಿ ಮಗಳ ಆಚೆ ಈಚೆ ತಾಯಿ ತಂದೆ ಕೂರಬೇಕು, ಮುತ್ತೈದೆಯರು ಮೂವರಿಗೂ ಅರಿಶಿನದ ಬಿಸಿನೀರು ಎರೆಯಬೇಕು. ಹಿಂದಿನ ದಿನ ಮಗಳು ಕೇಳಿದಳು.

“ಅಪ್ಪಾ, ನಾಳೆ ಫೋಟೋ ಎದುರಂಗಡಿ ಕಾಕಾ ತಗೀಲಿ. ನೀ ನನ್ನ ಮಗ್ಗಲಕ ಕೂಡು.”

“ನನ್ನ ಮಗಳ ಫೋಟೋ ಅವ ತಗೀಬೇಕಾ? ಪ್ಯಾಟ್ಯಾಗ ನಾ ಹೆಂಗ ಮಾರಿ ತೋರಸಲಿ?”

“ಹಂಗಾರ ಫೋಟೋನ ಬ್ಯಾಡ. ನೀ ಕೂಡು.”

“ನನ್ನೇನ ನೋಡತಿ, ದಿನಾ ನೋಡೀದಿ.”

ಮರುದಿನ ತಂದೆಯ ಮಣೆಯ ಮೇಲೆ ಚಿಕ್ಕಪ್ಪ ಕೂತ. ಸಾಹುಕಾರ ಕ್ಯಾಮೆರಾ ಹಿಡಿದು ನೀರಿನ ಪಕ್ಕದಲ್ಲೇ ನಿಂತ. ಹೆಂಗಸರು ಒಬ್ಬರಿಗೊಬ್ಬರು ನೀರು ಎರಚಿದರು, ಅವನಿಗೂ ಎರಚಿದರು. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ. ಇನ್ನೇನು ಮಗಳ ತಲೆಗೆ ನೀರು ಎರೆಯಬೇಕು, ಆಗ ಬಾಗಿಲ ಹತ್ತಿರ ಎದುರಂಗಡಿಯವನು ಕಂಡ. ಬೀಗರು ಊಟಕ್ಕೆ ಕರೆದಿದ್ದರು. ಹೆಗಲ ಮೇಲೆ ಹಾಲಿನ ಪಾಕೀಟಿನ ಕ್ಯಾಮೆರಾ. ಕಿಟಕಿಯ ಬೆಳಕು ಮಗಳ ಮುಖಕ್ಕೆ ಬೀಳುವುದು ಅವನು ನಿಂತ ಕಡೆಯಿಂದಲೇ ಚೆನ್ನಾಗಿ ಕಾಣುತ್ತಿತ್ತು.

ಸಾಹುಕಾರನ ಎದೆ ಉರಿಯಿತು. ಮುಖವನ್ನು ಹತ್ತಿರಕ್ಕೆ ತರುವ ದೊಡ್ಡ ಲೆನ್ಸ್ ಹಾಕಿದರೆ ಇವನನ್ನು ಮೀರಿಸಬಹುದು ಎನಿಸಿತು. ಅಲ್ಲೇ, ಎರಚುವ ನೀರಿನಲ್ಲೇ, ಲೆನ್ಸ್ ಬಿಚ್ಚಿದ. ಕೈ ಬಿಚ್ಚುತ್ತಿತ್ತು, ಕಣ್ಣು ಬಾಗಿಲ ಕಡೆಗಿತ್ತು. ತೆರೆದ ಬಾಯಿಗೆ ನಾಲ್ಕು ಹನಿ ಬಿದ್ದವು. ತಿಳಿಯಲಿಲ್ಲ. ಹೊಸ ಲೆನ್ಸ್ ಒತ್ತಿ ತಿರುಗಿಸಿದ. ಕ್ಯಾಮೆರಾದ ಕಿಂಡಿಯಲ್ಲಿ ಮಸುಕು ಕಂಡಿತು, ಬಿಸಿನೀರಿನ ಹಬೆ ಎಂದುಕೊಂಡ.

ನೋಡಿ, ಹೊರಗಿನ ನೀರನ್ನು ಒಳಗೆ ಬಿಡದ ಆ ರಬ್ಬರು, ಒಳಗೆ ಬಿದ್ದ ನೀರನ್ನು ಹೊರಗೂ ಬಿಡಲಿಲ್ಲ. ಫೋಟೋಕ್ಕೆಂದು ಹಚ್ಚಿದ್ದ ದೊಡ್ಡ ದೀಪದ ಶಾಖಕ್ಕೆ ಅದು ಹಬೆಯಾಗಿ ಗಾಜಿಗೆ ಕೂತಿತು. ಆಮೇಲಿನ ಚಿತ್ರಗಳಲ್ಲಿ ಬರೀ ಬಿಳಿ ಮಂಜು. ಮಗಳ ಮುಖ ಇರಬೇಕಾದಲ್ಲಿ ಒಂದು ಹಳದಿ ಕಲೆ.

ಮಗಳು ಗಂಡನ ಮನೆಗೆ ಹೊರಟ ದಿನ ಎದುರಂಗಡಿಯವನು ಒಂದು ಫೋಟೋ ತಂದು ಅವಳ ಕೈಗಿಟ್ಟ. “ಒಂದ ತಗದೆ ಅವ್ವಾ. ನೀ ಅಪ್ಪನ ಕಡೆ ನೋಡತಿದ್ದಿ, ಚಲೋ ಅನಸ್ತು.”

ಅದರಲ್ಲಿ ಮಗಳ ತಲೆಯಿಂದ ನೀರು ಇಳಿಯುತ್ತಿದೆ. ಅವಳು ತಂದೆಯನ್ನು ನೋಡುತ್ತಿದ್ದಾಳೆ. ತಂದೆಯ ಕೈಯಲ್ಲಿ ಬಾಯಿ ತೆರೆದ ಕ್ಯಾಮೆರಾ. ಅವನು ಮಗಳನ್ನು ನೋಡುತ್ತಿಲ್ಲ. ಫೋಟೋ ತೆಗೆದವನನ್ನು ನೋಡುತ್ತಿದ್ದಾನೆ. ಫೋಟೋ ನೋಡಿದ ಸಾಹುಕಾರನಿಗೂ ಆ ನೋಟ ಏನೆಂದು ಗೊತ್ತಾಯಿತು.

“ಇದನ್ನ ಹರದ ಹಾಕವ್ವಾ,” ಎಂದ.

“ಇರ್ಲಿ ಅಪ್ಪಾ. ನೀ ಇರೂ ಫೋಟೋ ಇದೊಂದ.”

ಮತ್ಸರ ಎಲ್ಲಿಂದ ಬಂತು, ತಾಯಿ? ಹೊರಗಿನಿಂದ ತಾನಾಗಿ ಬರಲಿಲ್ಲ. ತಾನಾಗಿ ಬರಲು ದಾರಿಯೇ ಇರಲಿಲ್ಲ. ಇವನೇ ಬಾಯಿ ತೆರೆದ, ಇವನೇ ಮುಚ್ಚಿದ.

ಪಕ್ಕದ ಮನೆಗೆ ಹೊಸ ಗಾಡಿ ಬಂದ ಸದ್ದಾದರೆ ನೀವು ತಟ್ಟೆ ಬಿಟ್ಟು ಕಿಟಕಿಗೆ ಏಳುತ್ತೀರಿ. ಎದುರಿಗೆ ಕೂತು ಉಣ್ಣುವವರು ಆಗ ಯಾರನ್ನು ನೋಡುತ್ತಿರುತ್ತಾರೆ? ನಿಮ್ಮನ್ನು. ಇವತ್ತಿನಿಂದ ಏಳಬೇಡಿ. ಯಾರನ್ನು ಕಂಡರೆ ನಿಮ್ಮ ಎದೆ ಉರಿಯುತ್ತದೋ, ನಾಳೆ ಬೆಳಿಗ್ಗೆ ಅವರ ಬಾಗಿಲಿಗೆ ಹೋಗಿ, ಅವರ ಕೆಲಸದಲ್ಲಿ ಚೆನ್ನಾಗಿರುವ ಒಂದನ್ನು ಅವರ ಮುಂದೆಯೇ ಹೇಳಿ. ಗಂಟಲು ಒಣಗುತ್ತದೆ. ಒಣಗಲಿ, ಹೇಳಿ. ಒಳಗಿನ ನೀರು ಹೊರಗೆ ಬರಲು ಬೇರೆ ದಾರಿಯಿಲ್ಲ.

ಮತ್ತೆ, ಮನೆಯವರು ಮಗ್ಗುಲಲ್ಲಿ ಮಣೆ ಹಾಕಿ ಕರೆಯುತ್ತಾರೆ. ದಿನಾ ಕರೆಯುತ್ತಾರೆ, ಅದಕ್ಕೇ ನಮಗೆ ಕೇಳಿಸುವುದಿಲ್ಲ. ಕರೆಯುವವರು ನಾಳೆಯೂ ಇರುತ್ತಾರೆ ಎಂದು ನಿಮಗೆ ಯಾರು ಹೇಳಿದರು?

ಕೈಯಲ್ಲಿರುವುದನ್ನು ಕೆಳಗಿಡಿ. ಹೋಗಿ ಕೂತುಕೊಳ್ಳಿ.