ಕತ್ತಲ ಕೋಣೆಯಲ್ಲಿ ಅಂಬುಜ ಆಡಿದ ಮಾತು

ಒಂದೂರಲ್ಲಿ ಒಂದು ಕತ್ತಲ ಕೋಣೆ ಇತ್ತು. ಪ್ರವಚನಗಳಲ್ಲಿ ಶ್ರೀಮಂತನ ಕಥೆ, ಜಿಪುಣನ ಕಥೆ ಬಹಳ ಕೇಳಿದ್ದೀರಿ ಬಂಧುಗಳೇ, ಇವತ್ತು ಈ ಕೋಣೆಯ ಕಥೆ ಕೇಳಿ.

ಅದಿದ್ದದ್ದು ಒಂದು ವಿಜ್ಞಾನ ಕಾಲೇಜಿನ ಹಿಂಬದಿಯಲ್ಲಿ. ಪರಮಾಣುವಿನ ಒಳಗೇನಿದೆ ಎಂದು ಲೋಕವೆಲ್ಲ ತಡಕಾಡುತ್ತಿದ್ದ ಕಾಲ. ಈಗಿನ ಯಂತ್ರಗಳಿಲ್ಲ; ಇದ್ದದ್ದು ಮನುಷ್ಯರ ಕಣ್ಣು. ರೇಡಿಯಂನಿಂದ ಹಾರಿಬಂದ ಕಣ ಮದ್ದು ಬಳಿದ ಗಾಜಿಗೆ ಬಡಿದರೆ ಸೂಜಿಮೊನೆಯಷ್ಟು ಬೆಳಕು ಮಿನುಗಿ ಆರುತ್ತದೆ. ಅದು ಕಾಣಬೇಕಾದರೆ ಬಿಸಿಲಿನಿಂದ ಬಂದವರು ಅರ್ಧ ಗಂಟೆ ಕತ್ತಲಲ್ಲಿ ಕೂತು ಕಣ್ಣು ಹದ ಮಾಡಿಕೊಳ್ಳಬೇಕು. ನಡುವೆ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಕೂರಬೇಕು.

ಅಲ್ಲಿ ಕೂತು ಆ ಮಿನುಗುಗಳನ್ನು ಎಣಿಸುತ್ತಿದ್ದವಳು ಅಂಬುಜ. ಕಥೆಯಲ್ಲಿ ಉಳಿದವರಿಗೆ ಹೆಸರು ಬೇಡ, ಅವರು ಸಾಕಷ್ಟು ಹೆಸರು ಪಡೆದಿದ್ದಾರೆ. ಭೌತಶಾಸ್ತ್ರವನ್ನು ಗಂಡಸರಷ್ಟೇ ಓದಿದವಳು ಅವಳು. ಆದರೆ ಅಲ್ಲಿನ ಪ್ರೊಫೆಸರು ಅವಳನ್ನು ಸೇರಿಸಿಕೊಂಡದ್ದು ಆ ಓದಿಗಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ಹೆಂಗಸರದು, ಅವರು ಎಣಿಸಲಿ, ಯೋಚನೆ ನಾವು ಮಾಡುತ್ತೇವೆ ಎನ್ನುವುದು ಅವರ ಸಿದ್ಧಾಂತ.

ಒಂದು ದಿನ ಅಂಬುಜ ಬೆಚ್ಚಿದಳು. ಕಣಗಳೆಲ್ಲ ನಿಂತುಹೋಗಬೇಕಾದಷ್ಟು ದಪ್ಪದ ತಗಡು ಅಡ್ಡ ಇಟ್ಟಿದ್ದರೂ ಅದರಾಚೆ ಬೆಳಕು ಮಿನುಗುತ್ತಿತ್ತು. ತಗಡು ಬದಲಿಸಿದಳು, ಗಾಜು ಬದಲಿಸಿದಳು. ಮಿನುಗು ನಿಲ್ಲಲಿಲ್ಲ. ಹಾಗಾದರೆ ಇದು ದಾಟಿ ಬಂದ ಕಣವಲ್ಲ. ಕಣವು ತಗಡಿನ ಪರಮಾಣುವಿನ ಗರ್ಭಕ್ಕೇ ಬಡಿದು ಅಲ್ಲಿಂದ ಒಂದು ಚೂರನ್ನು ಸಿಡಿಸಿದೆ. ಅವಳು ಪ್ರೊಫೆಸರನ್ನು ಕರೆಸಿದಳು.

ಪ್ರೊಫೆಸರು ಬಿಸಿಲಿನಿಂದ ನೇರ ಒಳಬಂದು, ಬಗ್ಗಿ, ಇಣುಕಿದರು.

"ಏನೂ ಇಲ್ವಲ್ಲಮ್ಮ. ಕಣ್ಣು ಸೋತಿದೆ ನಿಂಗೆ. ಮನೇಲಿ ಗಂಡು ನೋಡ್ತಿಲ್ವಾ?"

"ನಿಮ್ಮ ಕಣ್ಣಲ್ಲಿ ಇನ್ನೂ ಬಿಸಿಲಿದೆ ಸಾರ್. ಅರ್ಧ ಗಂಟೆ ಕೂತ್ಕೊಳ್ಳಿ."

ಬಾಗಿಲು ಹಾಕಿದ ಕೋಣೆಯಲ್ಲಿ ಹೆಣ್ಣಿನ ಜೊತೆ ಕೂರುವುದೇ? ಊರು ಏನನ್ನುತ್ತದೆ? ನೋಡಿ, ಕಾಲೇಜಿನ ಹುಡುಗರ ಜೊತೆ ಅವಳನ್ನು ಇದೇ ಕೋಣೆಯಲ್ಲಿ ಎಣಿಸಲು ಕೂರಿಸಿದಾಗ ಇವರಿಗೆ ಊರಿನ ನೆನಪಾಗಿರಲಿಲ್ಲ. ತಾವು ಕೂರಬೇಕಾದಾಗ ಆಯಿತು. ಅಂಬುಜ ಮರುದಿನ ತಾಯಿಯನ್ನೇ ಕರೆತಂದು ಒಳಗೆ ಕೂರಿಸಿದಳು. ಪ್ರೊಫೆಸರು ಮೂರು ಸಲ ಮಿಸುಕಾಡಿ, ಆಯಿತೇ ಆಯಿತೇ ಎಂದು ಕೇಳಿದಾಗ ಆ ತಾಯಿ ಅಂದಳು: "ಸುಮ್ನೆ ಕೂತ್ಕೊಳ್ಳಿ ಸ್ವಾಮಿ. ಮುಚ್ಚಳ ತೆಗ್ದು ತೆಗ್ದು ನೋಡ್ತಿದ್ರೆ ಇಡ್ಲಿ ಬೇಯತ್ತಾ?"

ಕೊನೆಗೆ ಅವರಿಗೂ ಕಂಡಿತು. ಕಂಡದ್ದೇ ತಡ, ವಿದ್ವಾಂಸರ ಸಭೆ ಕರೆದರು, ಪ್ರಬಂಧ ಅಚ್ಚಿಗೆ ಸಿದ್ಧವಾಯಿತು. ಮೇಲೆ ಅವರ ಹೆಸರು. ಅಂಬುಜ ಎಲ್ಲಿ? ಕಟ್ಟಕಡೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಗಾಜು ಕೊಟ್ಟ ಅಂಗಡಿಯವನ ಪಕ್ಕ. ಕೇಳಿದ್ದಕ್ಕೆ ಪ್ರೊಫೆಸರು ಪ್ರೀತಿಯಿಂದಲೇ ಹೇಳಿದರು: "ಕಂಡಿದ್ದು ನೀನಿರಬಹುದು ಮಗು, ಅದೇನು ಅಂತ ತಿಳ್ಕೊಂಡಿದ್ದು ನಾನು."

ಮಗು! ಕಸಿಯುವ ಕೈ ತಲೆ ಸವರುತ್ತಲೇ ಕಸಿಯುತ್ತದೆ ಬಂಧುಗಳೇ.

ಸಭೆಯ ದಿನ ವಿದ್ವಾಂಸರೆಲ್ಲ ಬೆಳಕು ನೋಡಲು ಆ ಕೋಣೆಗೆ ಬಂದರು. ಬಾಗಿಲು ಮುಚ್ಚಿತು. ಕಣ್ಣು ಹದವಾಗುವವರೆಗೆ ಯಾರಿಗೂ ಏನೂ ಕಾಣದು, ಯಾರಿಗೂ ಏನೂ ಕೆಲಸವಿಲ್ಲ. ಇದ್ದದ್ದು ಕಿವಿ ಮಾತ್ರ. ಅಂಬುಜ ಎದ್ದು ನಿಂತು ಮಾತು ಶುರುಮಾಡಿದಳು. ಮೊದಲು ಕಂಡದ್ದು ಹೇಗೆ, ತನಗೇ ನಂಬಿಕೆ ಬಾರದೆ ಬದಲಿಸಿದ್ದು ಏನೇನು, ಪರಮಾಣುವಿನ ಗರ್ಭ ಒಡೆದಿದೆ ಎಂದು ತಾನು ತರ್ಕಿಸಿದ್ದು ಹೇಗೆ, ಎಲ್ಲ. ಪ್ರೊಫೆಸರು ಮೆಲ್ಲಗೆ ಗದರಿದರು. ಅವಳು ನಿಲ್ಲಿಸಲಿಲ್ಲ. ಅವರ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ ಸದ್ದಾಯಿತು.

"ಗೀರಿ ಸಾರ್," ಅಂದಳು ಅಂಬುಜ. "ಗೀರಿದ್ರೆ ಎಲ್ರೂ ಮತ್ತೆ ಮೊದ್ಲಿಂದ ಕತ್ತಲಲ್ಲಿ ಕೂರ್ಬೇಕು, ಆಗ್ಲೂ ಮಾತಾಡೋಳು ನಾನೇ. ಗೀರದಿದ್ರೆ ನನ್ನ ಮಾತು ಮುಗಿಯೋ ತನಕ ಕೇಳ್ಬೇಕು."

ಕಡ್ಡಿ ಗೀರಲಿಲ್ಲ. ಅವಳು ಹೇಳಿ ಮುಗಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಹೊರಬಂದ ಹಿರಿಯ ವಿದ್ವಾಂಸರೊಬ್ಬರು ಪ್ರಬಂಧದ ಪ್ರತಿ ಕೈಗೆತ್ತಿಕೊಂಡು, ಇದರ ಮೇಲೆ ಆ ಹೆಣ್ಣುಮಗಳ ಹೆಸರು ಬಿಟ್ಟುಹೋಗಿದೆಯಲ್ಲ ಎಂದು ಎಲ್ಲರೆದುರು ಕೇಳಿದರು. ಸೇರಿಸದೆ ವಿಧಿಯಿರಲಿಲ್ಲ. ಹೆಸರು ಮೇಲೆ ಬಂತು. ಮುಂದಿನ ತಿಂಗಳು ಅವಳ ಕೆಲಸ ಹೋಯಿತು. ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತಿದ್ದಳು.

ಪಾಪ ಅನ್ನಬೇಡಿ. ಪಾಪ ಅಂದು ಮನೆಗೆ ಹೋಗುವುದು ಬಹಳ ಸುಲಭ. ನಿಮ್ಮ ಅಂಗಡಿಯ ವ್ಯವಹಾರ ಕುದುರಿಸಿದ್ದು ಯಾರು? ಬೋರ್ಡಿನ ಮೇಲೆ ಯಾರ ಹೆಸರಿದೆ? ಮಗಳು ಒಂದು ಹೊಸ ಮಾತು ಹೇಳಿದಾಗ ಬಾಗಿಲಲ್ಲೇ ನಿಂತು 'ಏನೂ ಇಲ್ಲ' ಎಂದವರು ಎಷ್ಟು ಮಂದಿ? ಕೂತು ಕೇಳಿ. ತಿಳಿದದ್ದು ಅವಳಿಂದಾದರೆ, ನಾಲ್ಕು ಜನರೆದುರು ಅವಳ ಹೆಸರು ಹಿಡಿದು ಹೇಳಿ. ತಾಯಂದಿರೇ, ಅವರು ಹೇಳದಿದ್ದರೆ ನೀವೇ ಎದ್ದು ಹೇಳಿ. ಕೃತಜ್ಞತೆಯ ಸಾಲಿಗೆ ತೃಪ್ತಿಪಡಬೇಡಿ.

ಇನ್ನು ನಮ್ಮ ಈ ಪ್ರವಚನ ಸಭೆಯ ಮಾತು. ಇಲ್ಲಿ ವಾರವಿಡೀ ಕಸ ಗುಡಿಸಿ, ಮಕ್ಕಳಿಗೆ ಪಾಠ ಹೇಳಿ ದುಡಿದವರಿಗೆ ಆಮಂತ್ರಣದಲ್ಲಿ 'ಮಹಿಳಾ ಮಂಡಳಿಯವರು' ಎಂದಷ್ಟೇ ಇದೆ. ಮಂಡಳಿ ಕಸ ಗುಡಿಸುವುದಿಲ್ಲ, ಮಂಡಳಿ ಪಾಠ ಹೇಳುವುದಿಲ್ಲ. ಮನುಷ್ಯರು ಮಾಡುತ್ತಾರೆ. ನಾಳೆ ಪ್ರವಚನಕ್ಕೆ ಮೊದಲು ಒಬ್ಬೊಬ್ಬರ ಹೆಸರನ್ನೂ ಈ ಮೈಕಿನಲ್ಲಿ ಓದಬೇಕು. ಓದುವ ತನಕ ನಾನು ಈ ಪೀಠ ಹತ್ತುವುದಿಲ್ಲ.