ಖಾಲಿ ತೆಗೆಯುವ ಹೊತ್ತು

ಮಳೆ ಬಂದರೆ ಆ ಸ್ಟುಡಿಯೋದಲ್ಲಿ ಯಾರೂ ಕಿರುಚುವಂತಿರಲಿಲ್ಲ.

ಮಹಡಿಯ ಮೇಲಿನ ತಗಡಿನ ಚಾವಣಿಗೆ ಬಿದ್ದ ಹನಿಯ ಸದ್ದು ಗೋಡೆಗೆ ಬಡಿದ ದಪ್ಪ ಬಟ್ಟೆ, ಸ್ಪಂಜುಗಳನ್ನೆಲ್ಲ ದಾಟಿಕೊಂಡು ನೇರ ಮೈಕಿನ ಕಿವಿಗೆ ಬಂದು ಕೂರುತ್ತಿತ್ತು. ಹಾಗಾಗಿ ಆ ಸಂಜೆಯೂ ಬಾಗಿಲ ಮೇಲಿನ ಕೆಂಪು ದೀಪ ಆರಿತು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವನು ಎರಡೂ ಕೈ ಎತ್ತಿ ಮಳೆಯ ಕಡೆ ತೋರಿಸಿ, ‘ಮೇಲಿನವರ ಡಬ್ಬಿಂಗ್ ಮುಗೀಲಿ, ಆಮೇಲೆ ನಮ್ಮದು’ ಎಂದವನೇ ಕುರ್ಚಿ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ.

ಹಿಂಬದಿಯ ಗೋಡೆಗೆ ಒತ್ತಿಕೊಂಡು ಒಂದು ಉದ್ದನೆಯ ಮರದ ಬೆಂಚು. ಅದರ ನಡುವೆ ಚೀರಕ್ಕ ಕೂತಿದ್ದಳು. ದೆವ್ವದ ಸಿನಿಮಾಗಳಲ್ಲಿ ನಾಯಕಿ ಬಾಯಿ ತೆರೆದರೆ ಹೊರಗೆ ಬರುವ ಚೀತ್ಕಾರ ಇವಳದು. ಅದಕ್ಕೇ ಆ ಹೆಸರು. ಈ ಸಿನಿಮಾಕ್ಕೂ ಇವಳೇ ಚೀರಬೇಕಿತ್ತು. ಆದರೆ ಮೊನ್ನೆ ಇವಳಿಗೆ ಕೊಡೆ ಕೊಟ್ಟುಹೋಗಲು ಬಂದ ತಂಗಿ ಬಾಗಿಲಲ್ಲಿ ನಿಂತಿದ್ದಾಗ, ಮೈಕಿನ ಕಂಬವೊಂದು ದಡಾರೆಂದು ಬಿತ್ತು. ತಂಗಿ ಕಿರುಚಲಿಲ್ಲ. ‘ಹಾ...’ ಎಂದು ಉಸಿರನ್ನು ಒಳಗೆ ಎಳೆದುಕೊಂಡು ಅಲ್ಲೇ ನಿಂತುಬಿಟ್ಟಳು. ನಿರ್ದೇಶಕ ಕುರ್ಚಿಯಿಂದ ಎದ್ದೇ ಬಿಟ್ಟ. ‘ಇದು! ಇದೇ ಬೇಕಾಗಿದ್ದು! ಈಗಿನ ಜನಕ್ಕೆ ಚೀರಾಟ ಕೇಳಿದ್ರೆ ನಗು ಬರುತ್ತೆ. ಚೀರೋಕೆ ಮುಂಚಿನ ಉಸಿರು ಕೇಳಿದ್ರೆ ಹೆದರ್ತಾರೆ. ಅಕ್ಕ, ನೀವು ಬೇಜಾರು ಮಾಡ್ಕೋಬೇಡಿ, ನಿಮ್ಮ ಮನೆಯವಳೇ ಅಲ್ವಾ?’

ಮನೆಯವಳೇ. ಅದೇ ಉರಿ. ಪರರ ಮನೆಯವಳಾಗಿದ್ದರೆ ನಾಲ್ಕು ಮಾತು ಆಡಿಕೊಂಡು ಹಗುರಾಗಬಹುದಿತ್ತು. ತಂಗಿಯೋ, ಚೀರಕ್ಕನೇ ತಲೆ ಬಾಚಿ, ಮೂಗು ಒರೆಸಿ ಬೆಳೆಸಿದ ಹುಡುಗಿ. ಚಿಕ್ಕಂದಿನಿಂದ ಅಕ್ಕನ ಹಳೆಯ ಬಟ್ಟೆ ತೊಟ್ಟೇ ದೊಡ್ಡವಳಾದವಳು, ಈಗ ಅಕ್ಕನ ಕೆಲಸವನ್ನೂ ಹಾಗೇ ತೊಟ್ಟುಕೊಂಡಳು. ಅದೂ ಇನ್ನೂ ಹಳತಾಗುವ ಮೊದಲೇ.

ಪಕ್ಕದ ಕೋಣೆಯಲ್ಲಿ ನಿರ್ದೇಶಕ ತಂಗಿಗೆ ದೃಶ್ಯ ವಿವರಿಸುತ್ತಿದ್ದ. ಮಳೆಯ ನಡುನಡುವೆ ತಂಗಿಯ ನಗು ಕೇಳುತ್ತಿತ್ತು. ನಗು ಕೇಳಿದಾಗಲೆಲ್ಲ ಚೀರಕ್ಕ ಲೋಟದ ಬಿಸಿನೀರನ್ನು ಒಂದೊಂದು ಗುಟುಕು ಕುಡಿಯುತ್ತಿದ್ದಳು. ಗಂಟಲು ಕಾಪಾಡಿಕೊಳ್ಳುವ ಅಭ್ಯಾಸ. ಇವತ್ತು ಅದು ಯಾರಿಗೂ ಬೇಕಿರಲಿಲ್ಲ.

‘ಆ ಲೋಟ ಏನು ಪಾಪ ಮಾಡ್ತು, ಹಾಗೆ ಹಿಚುಕ್ತಿದೀಯಲ್ಲೇ?’

ಬೆಂಚಿನ ಕೊನೆಯಲ್ಲಿ ಸದ್ದಜ್ಜಿ. ಬಾಗಿಲು ಕಿರುಗುಟ್ಟುವುದು, ಹೆಜ್ಜೆ ಹತ್ತಿರಾಗುವುದು, ಮೂಳೆ ಮುರಿಯುವುದು, ಹೀಗೆ ಸಿನಿಮಾದ ಸದ್ದುಗಳನ್ನೆಲ್ಲ ಕೈಯಿಂದ ಹುಟ್ಟಿಸುವ ಮುದುಕಿ. ಅವಳ ಕಾಲಬುಡದ ಚೀಲದಲ್ಲಿ ಒಂದು ತುಕ್ಕುಹಿಡಿದ ಬಾಗಿಲ ಕೀಲು, ಒದ್ದೆ ಮಾಡಿದರೆ ಚಪ್ ಚಪ್ ಎನ್ನುವ ಒಂಟಿ ಚಪ್ಪಲಿ, ಒಂದು ಹಿಡಿ ಗೆಜ್ಜೆ. ನೆಲದ ಮೇಲೆ ಕಾಲು ಚಾಚಿ ಕೂತಿದ್ದವನು ಹೆಣದಣ್ಣ. ಬದುಕಿನುದ್ದಕ್ಕೂ ಹೆಣದ ಪಾತ್ರವನ್ನೇ ಮಾಡಿದ ನಟ.

‘ಅಜ್ಜೀ, ಕರೆಂಟೂ ಹೋಗೋ ಹಾಗಿದೆ. ಒಂದು ಕತೆ ಬಿಡಿ’ ಎಂದ ಹೆಣದಣ್ಣ. ‘ಸತ್ತೂ ಸತ್ತೂ ಬೇಜಾರಾಗಿದೆ. ನನ್ನನ್ನೂ ಯಾರಾದ್ರೂ ಹೆದರಿಸ್ಲಿ.’

ಸದ್ದಜ್ಜಿ ಚೀಲದಿಂದ ಕೀಲು ತೆಗೆದು ಮೆಲ್ಲಗೆ ತಿರುಗಿಸಿದಳು. ಕಿ...ರ್ರ್... ಎಂದಿತು. ಮಳೆ ಕೂಡ ಒಂದು ಹೆಜ್ಜೆ ಹಿಂದೆ ಸರಿದ ಹಾಗಾಯಿತು.

‘ದೆವ್ವಗಳಿಗೂ ಒಂದು ಕಾಲ ಅಂತ ಇತ್ತು ಕಣ್ರೋ... ಆಗ ದೆವ್ವಕ್ಕೆ ಮೊದಲು ಹಾಡೋಕೆ ಬರಬೇಕಿತ್ತು! ಬಿಳೀ ಬಟ್ಟೆ, ಬಿಚ್ಚಿದ ಕೂದಲು, ಕೈಯಲ್ಲೊಂದು ದೀಪ, ಸುತ್ತ ಹೊಗೆ, ದೂರದಲ್ಲೊಂದು ಪಾಳುಬಂಗಲೆ... ಅದು ಹಾಡ್ತಾ ಮುಂದೆ, ನಾಯಕ ಬಾಯಿ ಬಿಟ್ಕೊಂಡು ಹಿಂದೆ. ಹಾಡು ಮುಗಿಯೋವರೆಗೂ ಯಾರನ್ನೂ ಮುಟ್ತಿರ್ಲಿಲ್ಲ, ಅಂಥ ಮರ್ಯಾದಸ್ಥ ದೆವ್ವ! ಆ ಕಾಲದಲ್ಲಿ ಇಲ್ಲೊಬ್ಬಳಿದ್ದಳು, ದೊಡ್ಡಗಂಟಲು ಅಂತಲೇ ಕರೀತಿದ್ವಿ. ಯಾವ ನಾಯಕಿ ಹೆದರಿದ್ರೂ ಇವಳೇ ಚೀರಬೇಕು. ಏನು ಚೀರು ಅಂತೀರಿ... ಗಾಜಿನಾಚೆ ಮೀಟರಿನ ಮುಳ್ಳು ಕುಣೀತಿತ್ತು, ಚಾವಣಿ ಮೇಲಿನ ಪಾರಿವಾಳ ಎಲ್ಲ ಒಟ್ಟಿಗೆ ಹಾರಿಹೋಗ್ತಿದ್ವು. ಆಮೇಲೆ ಸೆರಗಲ್ಲಿ ಬಾಯಿ ಒರೆಸ್ಕೊಂಡು, “ಟೀ ಬಂತಾ?” ಅಂತಿದ್ದಳು. ಅಷ್ಟೇ.

‘ಆಮೇಲೆ ಬಣ್ಣ ಬಂತು ನೋಡಿ. ಬಣ್ಣ ಬಂದ ಮೇಲೆ ರಕ್ತಕ್ಕೆ ಬೆಲೆ ಬಂತು. ರಬ್ಬರ್ ಮುಖವಾಡ, ಮೊಳದುದ್ದ ಉಗುರು... ದೆವ್ವ ಹಾಡೋದು ಬಿಟ್ಟು ಕಚ್ಚೋಕೆ ಶುರು ಮಾಡ್ತು. ನಾನು ಕಲ್ಲಂಗಡಿ ಒಡೆದು ತಲೆ ಒಡೆಯೋ ಸದ್ದು ಮಾಡ್ತಿದ್ದೆ. ಆಮೇಲೆ ಆ ತಲೇನ ಎಲ್ಲರೂ ಹಂಚ್ಕೊಂಡು ತಿಂತಿದ್ವಿ.’

‘ಆ ತಲೆ ನಂದೇ’ ಎಂದ ಹೆಣದಣ್ಣ. ‘ಸಿಹಿಯಾಗಿತ್ತು.’

‘ಸುಮ್ನಿರೋ, ಹೆಣ ಮಾತಾಡ್ಬಾರ್ದು... ಆ ಕಾಲದಲ್ಲೇ ಒಬ್ಬ ನಿರ್ದೇಶಕ ಅಂದ, ದೊಡ್ಡಗಂಟಲಿನ ಚೀರು ಹಳೇದಾಯ್ತು, ಹಾಡಿದ ಹಾಗಿದೆ, ಎಳೇ ಗಂಟಲು ಬೇಕು ಅಂತ. ಎಳೇ ಗಂಟಲು ಯಾರದು? ಇವಳೇ ಕೈ ಹಿಡಿದು ಕರ್ಕೊಂಡು ಬಂದು, ಹೊಟ್ಟೆ ಮೇಲೆ ಕೈ ಇಟ್ಟು, “ಇಲ್ಲಿಂದ ಚೀರೇ” ಅಂತ ಕಲಿಸಿದ ಹುಡುಗಿ! ತಾನು ಸಾಕಿದ ಗಿಣಿನೇ ಕಣ್ಣು ಕುಕ್ಕಿದ ಹಾಗೆ... ಹುಡುಗಿ ತಪ್ಪೇನಿತ್ತು? ಏನೂ ಇಲ್ಲ. ಅದಕ್ಕೇ ಅಲ್ವಾ ಜಾಸ್ತಿ ಉರಿಯೋದು? ತಪ್ಪು ಮಾಡಿದವರನ್ನ ಬೈಬಹುದು. ತಪ್ಪೇ ಮಾಡದವರನ್ನ ಏನು ಮಾಡ್ತೀಯಾ?’

ಚೀರಕ್ಕ ಲೋಟ ಕೆಳಗಿಟ್ಟಳು.

‘ದೊಡ್ಡಗಂಟಲು ಬಂದು ಈ ಬೆಂಚಲ್ಲೇ ಕೂತಳು. ಹುಡುಗಿ ಚೀರಿದಳು, ಎಲ್ಲರೂ ಚಪ್ಪಾಳೆ ತಟ್ಟಿದ್ರು, ಇವಳೂ ತಟ್ಟಿದಳು. ಆಮೇಲೆ ಖಾಲಿ ತೆಗೆದ್ರು...’

ಖಾಲಿ ತೆಗೆಯುವುದು ಅಲ್ಲಿನ ವಾಡಿಕೆ. ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ಯಾರೂ ಮಾತಾಡದೆ, ಅಲ್ಲಾಡದೆ ಕೂತು, ಕೋಣೆಯ ಮೌನವನ್ನೇ ಸ್ವಲ್ಪ ಹೊತ್ತು ಮೈಕಿಗೆ ತುಂಬಿಕೊಳ್ಳುತ್ತಾರೆ. ಒಂದೊಂದು ಕೋಣೆಗೂ ಒಂದೊಂದು ಮೌನ. ಮಾತು ಮಾತಿನ ನಡುವೆ ಆ ಮೌನವನ್ನು ಹಾಸದಿದ್ದರೆ ಸಿನಿಮಾ ಅಲ್ಲಲ್ಲಿ ತೂತು ಬಿದ್ದಂತೆ ಕೇಳಿಸುತ್ತದೆ.

‘...ದೀಪ ಕೆಂಪಾಯ್ತು. ಎಲ್ಲ ಸುಮ್ಮನಾದ್ವಿ. ದೊಡ್ಡಗಂಟಲು ಉಸಿರು ಎಳ್ಕೊಂಡಳು... ಚೀರೋಕೆ ಮುಂಚೆ ಎಳ್ಕೋತಾಳಲ್ಲ, ಹಾಗೆ, ಹೊಟ್ಟೆ ತುಂಬ. ನಾನು ಪಕ್ಕದಲ್ಲೇ ಇದ್ದೆ. ಎಳ್ಕೊಂಡಳು... ಬಿಡ್ತಾಳೆ ಬಿಡ್ತಾಳೆ ಅಂತ ನೋಡ್ತೀನಿ... ಬಿಡಲೇ ಇಲ್ಲ. ದೀಪ ಆರಿದ ಮೇಲೆ ಭುಜ ಮುಟ್ಟಿದ್ರೆ, ಕಣ್ಣು ಹಾಗೇ ಆ ಹುಡುಗಿ ಮೇಲಿದೆ. ಮೈ ತಣ್ಣಗಾಗಿತ್ತು.

‘ಅತ್ವಿ, ಮಣ್ಣು ಮಾಡಿದ್ವಿ. ಎಲ್ಲ ಆಯ್ತು. ಆದ್ರೆ ಆ ದಿನ ತೆಗೆದ ಖಾಲಿ? ಅದನ್ನ ಬಿಸಾಕಬೇಕಿತ್ತೋ ಇಲ್ವೋ? ಆಗಿನ ರೆಕಾರ್ಡಿಂಗಿನವನು ಹಾಕಿ ಕೇಳ್ದ... “ಅಬ್ಬಾ, ಇಷ್ಟು ಶುದ್ಧವಾದ ಮೌನ ನಾನು ಕೇಳೇ ಇಲ್ಲ. ಒಬ್ಬರ ಉಸಿರೂ ಇಲ್ಲ” ಅಂದ. ಜೋಪಾನ ಮಾಡಿ ಇಟ್ಟ. ಅವನ ಕಸುಬೇ ಅದು, ಒಳ್ಳೇ ಮೌನ ಸಿಕ್ಕಿದ್ರೆ ಯಾರು ಬಿಡ್ತಾರೆ? ಅದು ಟೇಪಿಂದ ಟೇಪಿಗೆ, ಟೇಪಿಂದ ಕಂಪ್ಯೂಟರಿಗೆ... ಇಲ್ಲಿ ಆದ ಒಂದೊಂದು ದೆವ್ವದ ಸಿನಿಮಾದ ಅಡಿಗೂ ಅವಳನ್ನೇ ಹಾಸಿದ್ದಾರೆ ಕಣ್ರೋ.

‘ಅದಾದ ಮೇಲೆ ನೋಡಿ, ಸಿನಿಮಾದ ದೆವ್ವಗಳೇ ಬೇರೆಯಾದ್ವು. ಪಾಳುಬಂಗಲೆ ಖಾಲಿ ಮಾಡಿ ಊರೊಳಗೆ ಬಂದ್ವು. ಬಾಡಿಗೆ ಮನೆಗೆ, ಲಿಫ್ಟಿಗೆ, ಟೆಲಿವಿಷನ್ನಿಗೆ, ಫೋನಿಗೆ... ಮಾತು ಕಮ್ಮಿಯಾಯ್ತು, ಹಾಡು ಹೋಯ್ತು, ನಗು ಹೋಯ್ತು. ಈಗಂತೂ ದೆವ್ವ ಬರೋದೇ ಇಲ್ಲ! ಒಂದು ಖಾಲಿ ಓಣಿ ತೋರಿಸ್ತಾರೆ, ತೆರೆದ ಬಾಗಿಲು ತೋರಿಸ್ತಾರೆ... ಸದ್ದೇ ಇಲ್ಲ. ಜನ ಕುರ್ಚಿ ಹಿಡ್ಕೊಂಡು ನಡುಗ್ತಾರೆ. ಯಾಕೆ ನಡುಗ್ತಾರೆ? ಖಾಲಿ ಓಣಿ ಯಾರು ನೋಡಿಲ್ಲ? ಅದು ಖಾಲಿ ಅಲ್ಲ ಅಂತ ಅವರ ಕಿವಿಗೆ ಗೊತ್ತು. ಉಸಿರು ಹಿಡ್ಕೊಂಡು ಒಬ್ಬಳು ಅಲ್ಲಿ ಕೂತಿದ್ದಾಳೆ.’

‘ಹಾಗಾದ್ರೆ ಆ ಕಲಿತ ಹುಡುಗಿಯನ್ನ ಏನು ಮಾಡಿದಳು?’ ಚೀರಕ್ಕನಿಗೇ ಗೊತ್ತಾಗದಂತೆ ಮಾತು ಹೊರಬಿತ್ತು. ಅದರಲ್ಲಿ ಹೆದರಿಕೆಗಿಂತ ಆಸೆಯೇ ಹೆಚ್ಚಿತ್ತು.

ಸದ್ದಜ್ಜಿ ಅವಳ ಮುಖವನ್ನೇ ನೋಡಿದಳು.

‘ಏನು ಮಾಡ್ಬೇಕಿತ್ತು ಅಂತೀಯಾ? ಏನೂ ಮಾಡ್ಲಿಲ್ಲ. ಆ ಹುಡುಗಿ ಈಗ ಮೊಮ್ಮಕ್ಕಳನ್ನ ಬೈದ್ರೆ ಬೀದಿ ಕೊನೆಗೆ ಕೇಳುತ್ತೆ. ಎಲ್ಲರೂ ನಿನ್ನ ಹಾಗೇ ಅಂದ್ಕೊಂಡ್ರು, ದೆವ್ವ ಬಂದ್ರೆ ಹೊಸಬಳ ಕುತ್ತಿಗೆಗೆ ಬರುತ್ತೆ ಅಂತ. ಇಲ್ಲ ಮಗಳೇ... ಕೆಲವು ವರ್ಷದ ಮೇಲೆ ಒಬ್ಬ ಮೇಕಪ್ಪಿನವಳು, ತನ್ನ ಮಗಳಿಗೆ ಸಿಗಬೇಕಾದ ದನಿ ಕೊಡೋ ಕೆಲಸ ಬೇರೆಯವಳಿಗೆ ಸಿಕ್ತು ಅಂತ ಇದೇ ಬೆಂಚಲ್ಲಿ ಕುದೀತಾ ಕೂತಿದ್ದಳು. ಖಾಲಿ ತೆಗೆಯೋ ಹೊತ್ತಿಗೆ ಸ್ವಲ್ಪ ಪಕ್ಕಕ್ಕೆ ಸರಿದಳು, ಯಾರಿಗೋ ಜಾಗ ಮಾಡಿಕೊಟ್ಟ ಹಾಗೆ. ಉಸಿರು ಎಳ್ಕೊಂಡಳು. ಅಷ್ಟೇ. ಜೀವ ಉಳೀತು, ಆದ್ರೆ ಇವತ್ತಿಗೂ ಬಾಯಿ ತೆಗೀತಾಳೆ, ಗಾಳಿ ಒಳಗೆ ಹೋಗುತ್ತೆ, ಮಾತು ಹೊರಗೆ ಬರಲ್ಲ. ದೊಡ್ಡಗಂಟಲಿಗೆ ಗೆದ್ದವರ ಸಹವಾಸ ಬೇಡ. ಅವಳಿಗೆ ಬೇಕಾಗಿರೋದು ಜೊತೆ. ತನ್ನ ಹಾಗೇ ಉರಿಯೋರನ್ನ ಕಂಡ್ರೆ ಬಂದು ಪಕ್ಕ ಕೂರ್ತಾಳೆ... ಅಯ್ಯೋ ಪಾಪ, ನಿನಗೂ ಹಾಗೇ ಮಾಡಿದ್ರಾ, ಅಂತ.’

ಹೆಣದಣ್ಣ ನಗಲು ಹೋಗಿ ಕೆಮ್ಮಿದ. ಆಗಲೇ ಎಲ್ಲರಿಗೂ ತಿಳಿದದ್ದು, ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು.

ತಂಗಿ ಪಕ್ಕದ ಕೋಣೆಯಿಂದ ಬಂದಳು. ಕತೆಯ ಒಂದು ಅಕ್ಷರವೂ ಅವಳ ಕಿವಿಗೆ ಬಿದ್ದಿರಲಿಲ್ಲ. ‘ಅಕ್ಕಾ, ಭಯ ಆಗ್ತಿದೆ ಕಣೇ, ನೋಡು ಕೈ ಹೇಗೆ ತಣ್ಣಗಿದೆ’ ಎಂದು ಕೈ ಚಾಚಿದಳು. ಚೀರಕ್ಕ ಬಗ್ಗಿ ಲೋಟ ಎತ್ತಿಕೊಳ್ಳುವ ನೆಪ ಮಾಡಿದಳು. ಚಾಚಿದ ಕೈ ಹಾಗೇ ಹಿಂದಕ್ಕೆ ಹೋಯಿತು.

ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಖಾಲಿ ಓಣಿ, ತೆರೆದ ಬಾಗಿಲು. ತಂಗಿ ಮೈಕಿನ ಮುಂದೆ ನಿಂತು ಉಸಿರೆಳೆದಳು. ಒಂದೇ ಸಲಕ್ಕೆ ಆಯಿತು. ಆ ಉಸಿರಿನ ಜೊತೆ ಕೋಣೆಯ ಗಾಳಿಯೆಲ್ಲ ಒಳಗೆ ಹೋದ ಹಾಗೆ ಎಲ್ಲರ ಮೈಯೂ ಜುಮ್ಮೆಂದಿತು. ಇಷ್ಟು ವರ್ಷ ಚೀರಿದ ತನಗೆ ಇದು ಬರುತ್ತಿರಲಿಲ್ಲ ಎಂಬುದು ಚೀರಕ್ಕನಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಗೊತ್ತಾದದ್ದೇ ಹೊಟ್ಟೆಯ ಕಿಚ್ಚು ಎದೆಗೆ ಏರಿತು.

‘ಅದ್ಭುತ! ಯಾರೂ ಅಲ್ಲಾಡ್ಬೇಡಿ, ಖಾಲಿ ತೆಗೀತೀನಿ’ ಎಂದ ರೆಕಾರ್ಡಿಂಗಿನವನು.

ಮೌನ.

ಎದ್ದು ಹೋಗಿಬಿಡಬೇಕು ಎಂದುಕೊಂಡಳು ಚೀರಕ್ಕ. ಏಳಲಾಗಲಿಲ್ಲ. ಏಳಲು ಮನಸ್ಸೇ ಬರಲಿಲ್ಲ. ಎಡಗಡೆಯ ಮರದ ಹಲಗೆ ಸ್ವಲ್ಪ ಬಾಗಿದಂತಾಯಿತು. ತಂಪು, ಬಾವಿಯ ಬಾಯಿಗೆ ಬಗ್ಗಿದಾಗ ಮುಖಕ್ಕೆ ತಾಗುತ್ತದಲ್ಲ, ಅಂಥ ತಂಪು. ಮೊನ್ನೆಯಿಂದ ಯಾರೊಬ್ಬರೂ ಅವಳನ್ನು ಸಮಾಧಾನ ಮಾಡಿರಲಿಲ್ಲ. ಪಕ್ಕದ ತಂಪು ಮಾಡಿತು. ಮಾತಿಲ್ಲದೆ, ಹೆಗಲಿಗೆ ಹೆಗಲು ತಾಗಿಸಿ. ಚೀರಕ್ಕನ ಉಸಿರು ತಾನಾಗಿ ಒಳಗೆ ಹೋಗತೊಡಗಿತು... ಹೋಗುತ್ತಲೇ ಇತ್ತು... ತುಂಬಿದ ಕೊಡದಂತೆ ನಿಂತಿತು. ಬಿಡುವ ದಾರಿ ಮರೆತುಹೋಯಿತು. ಎದುರಿಗೆ ತಂಗಿ, ಅದೇ ಬಾಚಿದ ತಲೆ, ಅದೇ ಒರೆಸಿದ ಮೂಗು. ಭಯಕ್ಕೆ ಒಂದು ಕೈಯಿಂದ ಇನ್ನೊಂದು ಕೈಯನ್ನು ತಾನೇ ಹಿಡಿದುಕೊಂಡು ನಿಂತಿದ್ದಳು.

‘ಚೆನ್ನಾಗಿ ಮಾಡ್ದೆ ಕಣೇ...’

ಚೀರಕ್ಕನ ದನಿ ಒಡೆದು, ಸೀಳಿ, ಯಾರದೋ ಗಂಟಲಿನಿಂದ ಕಿತ್ತು ತಂದ ಹಾಗೆ ಹೊರಗೆ ಬಿತ್ತು. ಎಡಗಡೆಯ ಹಲಗೆ ಹಗುರಾಯಿತು.

‘ಅಯ್ಯೋ, ಖಾಲಿ ಹಾಳಾಯ್ತಲ್ಲಾ ಅಕ್ಕ!’ ಎಂದು ರೆಕಾರ್ಡಿಂಗಿನವನು ತಲೆ ಚಚ್ಚಿಕೊಂಡ. ನಿರ್ದೇಶಕ ಮಾತ್ರ ಗಾಜಿನ ಕೋಣೆಯ ಬಾಗಿಲು ತಳ್ಳಿಕೊಂಡು ಓಡಿಬಂದ.

‘ಅಕ್ಕ! ಈ ದನಿ ಎಲ್ಲಿತ್ತು ಇಷ್ಟು ದಿನ? ನನ್ನ ದೆವ್ವಕ್ಕೆ ಇಡೀ ಸಿನಿಮಾದಲ್ಲಿ ಒಂದೇ ಮಾತಿದೆ, ಅದಕ್ಕೆ ದನಿ ಸಿಕ್ದೆ ಒದ್ದಾಡ್ತಿದ್ದೆ. ಬನ್ನಿ, ಈಗಲೇ ಬನ್ನಿ. ಆ ಉಸಿರನ್ನೂ ನೀವೇ ಒಂದ್ಸಲ ಮಾಡಿ ನೋಡೋಣ, ಎರಡೂ ಒಂದೇ ಗಂಟಲಲ್ಲಿ ಬಂದ್ರೆ ಇನ್ನೂ ಚೆನ್ನ... ನೀನು ಸ್ವಲ್ಪ ಹೊತ್ತು ಬೆಂಚಲ್ಲಿ ಕೂತಿರಮ್ಮ.’

ಕೊನೆಯ ಮಾತು ತಂಗಿಗೆ. ತಂಗಿ ನಕ್ಕಳು. ತುಟಿ ಮಾತ್ರ ನಕ್ಕಿತು. ಅಕ್ಕನ ಪಕ್ಕದಿಂದ ಹಾದುಹೋಗುವಾಗ ಅವಳು ಮುಖ ಎತ್ತಲಿಲ್ಲ. ಚೀರಕ್ಕ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಕಳೆದುಹೋದ ಮನೆ ಮತ್ತೆ ಸಿಕ್ಕವಳಂತೆ ಮೈಕಿನ ಮುಂದೆ ನಿಂತಳು. ನಿರ್ದೇಶಕ ಕೊಟ್ಟ ಮಾತನ್ನು ಆಡಿದಳು. ಉಸಿರನ್ನೂ ಎಳೆದಳು, ಹೇಗೆಂದು ಈಗ ಅವಳಿಗೆ ಗೊತ್ತಿತ್ತು. ಗಾಜಿನಾಚೆ ಚಪ್ಪಾಳೆ. ಹಿಂದಿನ ಬೆಂಚಿನಿಂದಲೂ ಒಂದು ಚಪ್ಪಾಳೆ, ಮೆಲ್ಲಗೆ.

‘ಈ ಸಲ ಯಾರೂ ಬಾಯಿ ಬಿಡ್ಬೇಡಿ ಮಹಾರಾಯರೇ. ಖಾಲಿ.’

ಹೆಡ್‌ಫೋನಿನಲ್ಲಿ ಕೋಣೆ ದೊಡ್ಡದಾಗಿ ಕೇಳಿಸಿತು. ಸದ್ದಜ್ಜಿಯ ಎದೆಯ ಗೊರಗೊರ. ಹೆಣದಣ್ಣನ ಮೂಗಿನ ಸೀಟಿ. ತಂಗಿಯ ಸಣ್ಣ ಉಸಿರು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ಉಸಿರು, ಸಾವಿರದಲ್ಲೂ ಗುರುತು ಸಿಗುವಂಥದು. ಮರದ ಮೇಲೆ ಬಟ್ಟೆ ಜರುಗಿದ ಸದ್ದು, ಯಾರೋ ಯಾರಿಗೋ ಜಾಗ ಮಾಡಿಕೊಟ್ಟ ಹಾಗೆ. ಆಮೇಲೆ ಆ ಸಣ್ಣ ಉಸಿರು ಒಳಗೆ ಹೋಯಿತು. ಹೋಯಿತು... ಹೋಯಿತು... ಆಮೇಲೆ ಗೊರಗೊರವೂ ಇಲ್ಲ, ಸೀಟಿಯೂ ಇಲ್ಲ. ಏನೂ ಇಲ್ಲ.

‘ಅಬ್ಬಾ!’ ರೆಕಾರ್ಡಿಂಗಿನವನ ದನಿ ಕಿವಿಯೊಳಗೇ ಸಿಡಿಯಿತು. ‘ಎಂಥಾ ಶುದ್ಧವಾದ ಮೌನ ಸಿಕ್ತು! ಒಬ್ಬರ ಉಸಿರೂ ಇಲ್ಲ! ಹಳೇ ಖಾಲಿಯನ್ನ ಇನ್ನು ಬಿಸಾಕಬಹುದು!’

ಚೀರಕ್ಕ ಹೆಡ್‌ಫೋನ್ ಕಿತ್ತೆಸೆದು ತಿರುಗಿದಳು. ತಂಗಿ ಬೆಂಚಿನ ತುದಿಗೆ ಸರಿದು, ಪಕ್ಕದ ಖಾಲಿ ಜಾಗಕ್ಕೆ ಒಂದಿಷ್ಟು ಒರಗಿಕೊಂಡು ಕೂತಿದ್ದಳು. ಕಣ್ಣು ಅಕ್ಕನ ಮೇಲೇ ಇತ್ತು.

ಸದ್ದಜ್ಜಿ ಆ ಕಡೆ ನೋಡಲೇ ಇಲ್ಲ. ಕೀಲನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಡುತ್ತಾ, ತೀರ ಮೆತ್ತಗೆ ಹೇಳಿದಳು:

‘ಹೋಗಿ ಅವಳನ್ನ ಮಾತಾಡಿಸೇ... ಬೇಗ ಮಾತಾಡಿಸು. ನಾನು ಹೇಳಿದ್ದು ಹಳೇ ಕತೆ ಅಂದ್ಕೊಂಡ್ಯಾ?’