ಬೀರುವಿನ ಅಳತೆ

ಕೋರ್ಟಿನ ಪಡಸಾಲೆಯಲ್ಲಿ, ನಾನು ಕೂತಿದ್ದ ಬೆಂಚಿನ ಇನ್ನೊಂದು ತುದಿಗೆ ಒಬ್ಬ ಬಡಗಿ ತನ್ನ ಅಕ್ಕನ ಜೊತೆ ಕೂತಿದ್ದ.

“ನೀನು ಮಾಡಿದ ಬೀರು ಆ ಲೈಸೆನ್ಸ್ ಸಾಹೇಬನ ಮನೇಲೇ ಸಿಕ್ತಲ್ಲೋ, ಇನ್ನೇನು ಬೇಕಂತೆ?”

“ಸಿಕ್ಕರೆ ಸಾಲದಂತೆ ಅಕ್ಕಾ. ಅದನ್ನ ಲಂಚ ಅಂತ ಅವನೇ ಕೇಳಿದ್ದು ಸಾಬೀತಾಗಬೇಕಂತೆ. ಅವನು ನೋಡಿದ್ರೆ, ಪ್ರೀತಿಯಿಂದ ಕೊಟ್ಟ ಅಂತಾನೆ.”

“ಪ್ರೀತಿಯಂತೆ ಪ್ರೀತಿ! ಎಂಟು ತಿಂಗಳು ಅಂಗಡಿಗೆ ಬೀಗ ಹಾಕಿಸಿದ ಪುಣ್ಯಾತ್ಮ.”

“ಗಿರಾಕಿ ಬರೆದುಕೊಟ್ಟ ಅಳತೆ ಎಸೀಬೇಡ, ಆಮೇಲೆ ತಕರಾರು ತೆಗೀತಾರೆ ಅಂತ ಅಪ್ಪ ಹೇಳ್ತಿರಲಿಲ್ವಾ? ನಾನು ಎಸೀಲಿಲ್ಲ.”

“ಅಳತೆ ಇಟ್ಕೊಂಡು ಏನು ಮಾಡ್ತೀಯೋ?”

“ನನ್ನ ಅರ್ಜಿ ವಾಪಸ್ ಎಸೆದನಲ್ಲ, ಅದರ ಹಿಂದುಗಡೆಯೇ ಅವನ ಕೈಬರಹದಲ್ಲಿ ಇದೆ. ಆರಡಿ ಎತ್ತರ, ಮೂರು ಬಾಗಿಲು, ಒಳಗೆ ಕನ್ನಡಿ. ಕೆಳಗೆ ‘ಇದಾದ ಮೇಲೆ ಲೈಸೆನ್ಸ್’ ಅಂತ. ದೂರು ಕೊಟ್ಟ ದಿನವೇ ಅದನ್ನ ಪೊಲೀಸರಿಗೆ ಕೊಟ್ಟೆ. ಇವತ್ತು ಅವನ ಎದುರಿಗೇ ಓದಿ ಹೇಳಬೇಕು.”

ಜವಾನ ಬಾಗಿಲಲ್ಲಿ ನಿಂತು ಬಡಗಿಯ ಹೆಸರು ಕೂಗಿದ. ಇಬ್ಬರೂ ಎದ್ದರು.

“ಬೇಗ ಓದಿ ಮುಗಿಸಿಬಿಡಪ್ಪ.”

“ಬೇಗ ಯಾಕೆ ಅಕ್ಕಾ? ಅವನೇನು ನನ್ನನ್ನ ಬೇಗ ಬಿಟ್ಟನಾ? ಅವನ ಮುಖ ನೋಡ್ಕೊಂಡು ಒಂದೊಂದೇ ಇಂಚು ಓದ್ತೀನಿ.”